ನಮ್ಮ ಹೊಲದ ಮೇಲೆ ನಾನು ಎಳೆದ ಕೆಂಪು ಗೆರೆ

ಎಂ.ಎಸ್ಸಿ.ಗೆ ಭೂವಿಜ್ಞಾನ ತೆಗೆದುಕೊಂಡೆ ಎಂದಾಗ ನಮ್ಮ ಊರಿನವರು ಅದು ಬೋರ್‌ವೆಲ್‌ಗೆ ಜಾಗ ತೋರಿಸುವ ಓದು ಎಂದು ತೀರ್ಮಾನಿಸಿಬಿಟ್ಟರು. ನಮ್ಮೂರು ಮರಳವಾಡಿಯಿಂದ ಒಂದೆರಡು ಮೈಲಿ ಒಳಗೆ. ನಮ್ಮ ಕಡೆ ನೀರು ನೋಡುವವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುತ್ತಾರೆ. ಕಾಯಿ ಎದ್ದು ನಿಂತ ಕಡೆ ಕೊರೆಸುತ್ತಾರೆ. ಮೊದಲ ಸೆಮಿಸ್ಟರ್ ಮುಗಿಸಿ ರಜೆಗೆ ಬಂದಾಗ ಪಕ್ಕದ ಮನೆಯಾತ ಸುಲಿದ ಕಾಯಿಯೊಂದನ್ನು ನನ್ನ ಕೈಗಿಟ್ಟು, "ಬಾರವ್ವ, ಒಸಿ ನೋಡ್ಬುಡು. ಓದಿರೋಳು ನೀನು" ಎಂದ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ನಾನು ಓದ್ತಿರೋದು ಭೂಮಿ ಎಲ್ಲಿ ಮಡಚ್ಕಂಡೈತೆ, ಎಲ್ಲಿ ಮುರಿದೈತೆ ಅಂತ. ಕಾಯಿ ಹಿಡ್ಕಂಡು ತಿರುಗೋದಲ್ಲ" ಎಂದೆ.

ಆತ ಕಾಯಿಯನ್ನು ವಾಪಸ್ ಇಸಿದುಕೊಂಡು, "ಮುರಿದಿರೋದು ಗೊತ್ತಾದ್ರೆ ಏನ್ ಮಾಡ್ತಿಯಾ, ಪ್ಲಾಸ್ಟರ್ ಹಾಕ್ತಿಯಾ?" ಎಂದು ಕೇಳಿ ಹೊರಟುಹೋದ. ನನಗೆ ಇನ್ನಷ್ಟು ಉರಿಯಿತು.

ವಿಶ್ವವಿದ್ಯಾಲಯ ಬೆಂಗಳೂರಿನಲ್ಲಿ. ವಾರವೆಲ್ಲ ಹಾಸ್ಟೆಲ್, ಶುಕ್ರವಾರ ಸಂಜೆ ಕನಕಪುರ ರಸ್ತೆಯ ಬಸ್ಸು. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಹತ್ತಿರ ಶಿಫ್ಟ್ ಬಿಟ್ಟ ಹುಡುಗಿಯರು ನುಗ್ಗಿ ಹತ್ತಿದ ಮೇಲೆ ನಿಂತಲ್ಲೇ ನಿಲ್ಲಬೇಕು. ಬ್ಯಾಗಿನಲ್ಲಿ ಕಲ್ಲಿನ ಚೂರುಗಳಿರುತ್ತಿದ್ದವು. ಕಂಡಕ್ಟರ್ ಒಮ್ಮೆ ಅದನ್ನು ಕಾಲಿನಿಂದ ಸರಿಸಲು ಹೋಗಿ ಬೆರಳು ನೋಯಿಸಿಕೊಂಡು, "ಏನಮ್ಮ, ಮನೆ ಕಟ್ಟುಸ್ತಿದೀಯಾ?" ಎಂದ. ಊರು ತಲುಪಿದ ಕೂಡಲೇ ಆ ವಾರದ ಪಾಠವನ್ನೆಲ್ಲ ನಮ್ಮ ಅಜ್ಜಿಗೆ ಒಪ್ಪಿಸುವುದು ನನ್ನ ರೂಢಿ. ಅಪ್ಪನ ತಾಯಿ ಅವಳು. ಮನೆಯಲ್ಲಿ ನನ್ನ ಮಾತನ್ನು ಪೂರ್ತಿ ಕೇಳುತ್ತಿದ್ದವಳು ಅವಳೊಬ್ಬಳೇ.

ನಾವೆಲ್ಲ ಭೂಫಲಕಗಳ ಮೇಲೆ ಕೂತಿದ್ದೇವೆ, ಒಲೆಯ ಮೇಲಿನ ಹಾಲಿನ ಕೆನೆಯ ಹಾಗೆ ಅವು ಜರುಗುತ್ತಿರುತ್ತವೆ, ನಮ್ಮ ಫಲಕ ಉಗುರು ಬೆಳೆಯುವ ವೇಗದಲ್ಲಿ ಉತ್ತರಕ್ಕೆ ಹೋಗುತ್ತಾ ಇದೆ ಎಂದು ಹೇಳಿದ ದಿನ ಅಜ್ಜಿ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿದಳು. ಪಕ್ಕದಲ್ಲಿದ್ದ ಚಿಕ್ಕಪ್ಪ, "ಹಂಗಾದ್ರೆ ನಮ್ಮ ಸರ್ವೆ ನಂಬರು?" ಎಂದು ಗಾಬರಿಯಾದರು. "ಪಕ್ಕದೋರ ಜಮೀನೂ ಜೊತೇಲೇ ಹೋಯ್ತದೆ ಚಿಕ್ಕಪ್ಪ" ಎಂದ ಮೇಲೆ ಅವರಿಗೆ ಸಮಾಧಾನವಾಯಿತು. ಅಜ್ಜಿ ಮಾತ್ರ, "ಹೋಗ್ಲಿ ಬುಡು, ಎಲ್ರನ್ನೂ ಒಟ್ಟಿಗೆ ಕರ್ಕಂಡು ಹೋಯ್ತದಲ್ಲ" ಎಂದು ಮತ್ತೆ ಕಾಯಿ ಕೈಗೆತ್ತಿಕೊಂಡಳು.

ನನಗೆ ಹುಚ್ಚು ಹಿಡಿಸಿದ್ದು ಫಲಕಗಳಿಗಿಂತ ಹೆಚ್ಚಾಗಿ ಕಲ್ಲಿನ ರಚನೆಯ ಪಾಠ. ಅದನ್ನು ಕಲಿಸುತ್ತಿದ್ದ ಮೇಷ್ಟ್ರು ಒಣಕಲು ಮನುಷ್ಯ, ಬಿಸಿಲು ಕಂಡರೆ ಖುಷಿಪಡುವವರು. ಮೊದಲ ಫೀಲ್ಡ್‌ಗೆ ರಾಮನಗರದ ಬೆಟ್ಟಗಳ ಬುಡಕ್ಕೆ ಕರೆದುಕೊಂಡು ಹೋಗಿ, ಓರೆಯಾಗಿದ್ದ ಬಂಡೆಯ ಮೇಲೆ ತಮ್ಮ ಬಾಟಲಿಯ ನೀರು ಸುರಿದರು. ನೀರು ಇಳಿದು ಹೋದ ದಿಕ್ಕೇ ಡಿಪ್, ಅಂದರೆ ಇಳಿಜಾರು. ಅದಕ್ಕೆ ಅಡ್ಡಲಾಗಿ, ಏರದೆ ಇಳಿಯದೆ ಸಮವಾಗಿ ಎಳೆದ ಗೆರೆ ಸ್ಟ್ರೈಕ್. ಈ ಎರಡನ್ನು ದಿಕ್ಸೂಚಿ ಇಟ್ಟು ಅಳೆಯಲು ಬಂದರೆ ನೆಲದೊಳಗೆ ಪದರಗಳು ಹೇಗೆ ಮಲಗಿವೆ ಎಂದು ಮೇಲಿನಿಂದಲೇ ಹೇಳಬಹುದು. ನಾನು ಹುಟ್ಟಿದಂದಿನಿಂದ ಅಂಥ ಅರೆಬಂಡೆಗಳ ಮೇಲೆ ರಾಗಿ ಒಣಗಿಸಿದವಳು, ಜಾರುಬಂಡೆ ಆಡಿ ಲಂಗ ಹರಿದುಕೊಂಡವಳು. ಅವುಗಳಿಗೆ ಹೀಗೊಂದು ಲೆಕ್ಕ ಇದೆ ಎಂದು ಗೊತ್ತಾದಾಗ ನಿಜವಾಗಿಯೂ ಮೈ ಜುಮ್ಮೆಂದಿತು.

ಕೊನೆಯ ಸೆಮಿಸ್ಟರಿಗೆ ಒಬ್ಬೊಬ್ಬರೂ ಒಂದೊಂದು ಪ್ರದೇಶದ ನಕ್ಷೆ ಮಾಡಬೇಕು. ಮೇಷ್ಟ್ರು ಖುದ್ದಾಗಿ ಬಂದು, ಜಾಗದಲ್ಲಿ ನಿಂತು, ನಕ್ಷೆಗೂ ನೆಲಕ್ಕೂ ತಾಳೆ ನೋಡಿ ಸಹಿ ಹಾಕಬೇಕು. ಸಹಿ ಬೀಳದಿದ್ದರೆ ಆ ವರ್ಷ ಪದವಿ ಇಲ್ಲ, ಮುಂದಿನ ವರ್ಷ ಮತ್ತೆ ಮೊದಲಿನಿಂದ. ನಾನು ಹಟ ಹಿಡಿದು ನಮ್ಮೂರ ಸುತ್ತಲಿನ ಪ್ರದೇಶವನ್ನೇ ತೆಗೆದುಕೊಂಡೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ನಾನು ಅದನ್ನು ಸುಳ್ಳು ಮಾಡುತ್ತೇನೆ ಎಂದು ಗೆಳತಿಯರ ಮುಂದೆ ಜಂಭ ಕೊಚ್ಚಿಕೊಂಡೆ.

ಅಲ್ಲಿಂದ ಶುರುವಾಯಿತು ನೋಡಿ ಪಜೀತಿ. ಕೊರಳಿಗೆ ದಿಕ್ಸೂಚಿ, ಕೈಯಲ್ಲಿ ಸುತ್ತಿಗೆ, ಕಂಕುಳಲ್ಲಿ ನಕ್ಷೆ. ಈ ವೇಷದಲ್ಲಿ ಯಾರ ಹೊಲಕ್ಕೆ ಕಾಲಿಟ್ಟರೂ ಮನೆಮಂದಿಯೆಲ್ಲ ಓಡಿಬರುತ್ತಿದ್ದರು. ಕೈಗಾರಿಕಾ ಪ್ರದೇಶ ನಮ್ಮ ಕಡೆಗೂ ಬರುತ್ತದೆ, ಜಮೀನು ಹೋಗುತ್ತದೆ ಎಂಬ ಸುದ್ದಿ ಆಗಾಗ ಎದ್ದು ಮಲಗುತ್ತಿತ್ತು. ಒಬ್ಬಾಕೆಯಂತೂ ಕುಡುಗೋಲು ಹಿಡಿದೇ ಬಂದು, ಗುರುತು ಸಿಕ್ಕಿದ ಮೇಲೆ, "ಅಯ್ಯೋ ನೀನೇನವ್ವಾ! ನಾನು ಸರ್ವೆಯೋರು ಅನ್ಕಂಡು ಕುಯ್ಯಕ್ಕೆ ಬಂದಿದ್ದೆ" ಎಂದು ಮಜ್ಜಿಗೆ ಕೊಟ್ಟಳು. ಎರಡು ತಿಂಗಳು ತಿರುಗಿದೆ. ಎಲ್ಲಿ ಅಳೆದರೂ ಒಂದೇ ಉತ್ತರ: ಕಲ್ಲಿನ ಕಪ್ಪು ಬಿಳಿ ಪದರಗಳು ಉತ್ತರ ದಕ್ಷಿಣವಾಗಿ ಓಡುತ್ತವೆ, ಪೂರ್ವಕ್ಕೆ ಕಡಿದಾಗಿ ಇಳಿಯುತ್ತವೆ. ಪುಟ ತಿರುವಿದರೆ ಅದೇ ಅಂಕಿ. ನನಗೆ ಬೇಜಾರು ಬಂದುಬಿಟ್ಟಿತು. ಇನ್ನೂರೈವತ್ತು ಕೋಟಿ ವರ್ಷದಲ್ಲಿ ಈ ಕಲ್ಲಿಗೆ ಒಂದು ಸಲವಾದರೂ ಏನಾದರೂ ಆಗಬಾರದಿತ್ತೇ?

ಆಗ ಅಳೆದದ್ದು ನಮ್ಮ ಹೊಲದ ಮುನಿಯಪ್ಪನನ್ನು. ನಮ್ಮ ಹಿಪ್ಪುನೇರಳೆ ತೋಟದ ಮೂಲೆಯಲ್ಲಿ ಸೊಂಟದೆತ್ತರದ ಕಲ್ಲೊಂದಿದೆ. ಅದೇ ನಮ್ಮ ಹೊಲ ಕಾಯುವ ಮುನೇಶ್ವರ. ಅರಿಸಿನ ಕುಂಕುಮ ಬಿಟ್ಟರೆ ಬೇರೆ ಮೂರ್ತಿ ಇಲ್ಲ. ವರ್ಷಕ್ಕೊಮ್ಮೆ ಕೋಳಿ ಕುಯ್ದು, ಅಲ್ಲೇ ಮುದ್ದೆ ಸಾರು ಮಾಡಿ ಎಡೆ ಇಡುತ್ತೇವೆ. ಬೇರೆ ದಿನ ದೀಪ ಹಚ್ಚುವುದು ಅಜ್ಜಿಯ ಕೆಲಸ. ಚಪ್ಪಲಿ ಬಿಟ್ಟು, ಕೈಮುಗಿದು, ದಿಕ್ಸೂಚಿ ಇಟ್ಟು ನೋಡುತ್ತೇನೆ, ಪದರಗಳು ಪೂರ್ವ ಪಶ್ಚಿಮ! ಇಳಿಜಾರು ದಕ್ಷಿಣಕ್ಕೆ! ಐದು ಸಲ ಅಳೆದೆ, ಐದು ಸಲವೂ ಅದೇ.

ಸುತ್ತಲೂ ಒಂದು ದಿಕ್ಕು, ಇಲ್ಲಿ ಮಾತ್ರ ಇನ್ನೊಂದು. ಅಂದರೆ ನಡುವೆ ಎಲ್ಲೋ ನೆಲ ಮುರಿದು ತಿರುಗಿರಬೇಕು. ಸ್ತರಭಂಗ! ನಾನು ಅಲ್ಲೇ ಬದುವಿನ ಮೇಲೆ ಕೂತು, ನಮ್ಮ ಹೊಲದಿಂದ ಕೆರೆಯ ಏರಿಯವರೆಗೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದೆ. ಮೇಷ್ಟ್ರಿಗೆ ಫೋನ್ ಮಾಡಿದೆ. "ಒಂದೇ ಕಲ್ಲಾ? ಇರಲಿ, ಭಾನುವಾರ ಬಂದು ನೋಡೋಣ" ಎಂದರು. ಅವರ ಮೊದಲ ಎರಡು ಪದ ನನ್ನ ಕಿವಿಗೆ ಬೀಳಲೇ ಇಲ್ಲ. ಸಂಜೆಯೊಳಗೆ ಊರಿಗೆಲ್ಲ ಸುದ್ದಿಯಾಯಿತು. ತೆಂಗಿನಕಾಯಿಯಾತ ಬಂದು, ಭೂಕಂಪ ಆಗುವುದಾದರೆ ಒಂದು ದಿನ ಮೊದಲೇ ಹೇಳು, ದನ ಬಿಚ್ಚಬೇಕು ಎಂದು ಹೇಳಿಹೋದ.

ಶುಕ್ರವಾರ ನನ್ನ ಗೆಳತಿ ನೆರವಿಗೆಂದು ಬಂದಳು. ನನ್ನ ತರಗತಿಯವಳೇ, ಚನ್ನಪಟ್ಟಣದವಳು. ಅವರ ಮನೆಯಲ್ಲಿ ಮೂರು ತಲೆಮಾರಿನಿಂದ ಮರದ ಬೊಂಬೆ ಕಡೆಯುತ್ತಾರೆ. ಅವರ ಅಬ್ಬಾ ಮರದ ತುಂಡನ್ನು ಕೈಯಲ್ಲಿ ಒಮ್ಮೆ ತಿರುಗಿಸಿ ನೋಡಿ, ಅದು ಮರದಲ್ಲಿದ್ದಾಗ ಯಾವ ತುದಿ ಮೇಲಿತ್ತು ಎಂದು ಹೇಳಬಲ್ಲವರಂತೆ. ಇವಳಿಗೂ ಆ ಕಣ್ಣು ಬಂದಿದೆ. ನಾನು ಮೆರವಣಿಗೆಯ ಹಾಗೆ ಅವಳನ್ನು ಮುನಿಯಪ್ಪನ ಬಳಿ ಕರೆದೊಯ್ದೆ. ಅವಳು ದಿಕ್ಸೂಚಿ ತೆಗೆಯಲೇ ಇಲ್ಲ. ಕುಕ್ಕರಗಾಲಲ್ಲಿ ಕೂತು ಕಲ್ಲಿನ ಬುಡವನ್ನೇ ನೋಡಿದಳು.

"ಇದನ್ನ ಯಾರೋ ಕಿತ್ತು ತಿರುಗಿಸಿ ಇಟ್ಟಿದ್ದಾರೆ ಕಣೇ" ಎಂದಳು.

"ನಿನ್ ತಲೆ! ಮುತ್ತಜ್ಜನ ಕಾಲದಿಂದ ಇಲ್ಲೇ ಐತೆ. ದೇವರನ್ನ ಯಾರಾದ್ರೂ ತಿರುಗಿಸ್ತಾರಾ?"

"ದೇವರ ವಿಷ್ಯ ನಂಗೆ ಗೊತ್ತಿಲ್ಲ. ಕಲ್ಲಿನ ವಿಷ್ಯ ಹೇಳ್ತಿದೀನಿ. ಮಣ್ಣಿನ ಕಲೆ ನೋಡು."

ನೋಡಿದೆ. ಹುಗಿದಿದ್ದ ಕಲ್ಲಿಗೆ ನೆಲದ ಮಟ್ಟದಲ್ಲಿ ಕೆಮ್ಮಣ್ಣಿನ ಗೆರೆ ಬೀಳುತ್ತದೆ. ಮುನಿಯಪ್ಪನ ಆ ಗೆರೆ ನೆಲಕ್ಕಿಂತ ಒಂದು ಗೇಣು ಮೇಲಿತ್ತು, ಅದೂ ಸೊಟ್ಟಗೆ. ಎರಡು ತಿಂಗಳಿನಿಂದ ನೂರಾರು ಕಲ್ಲು ನೋಡಿದ ನನಗೆ, ಕೈಮುಗಿದು ನಿಂತ ಕಲ್ಲಿನ ಬುಡ ಕಾಣಿಸಿರಲಿಲ್ಲ. ಸೋತೆ ಎಂದು ಗೊತ್ತಾದರೂ ಒಪ್ಪಿಕೊಳ್ಳಲಿಲ್ಲ. ಅವಳ ಮೇಲೆ ರೇಗಿದೆ, ಬೊಂಬೆ ಬೇರೆ ಬಂಡೆ ಬೇರೆ ಎಂದೆಲ್ಲ ಕೂಗಾಡಿದೆ. ಅವಳು ಸುಮ್ಮನೆ ಹಿಪ್ಪುನೇರಳೆ ಹಣ್ಣು ಕಿತ್ತು ತಿನ್ನುತ್ತಾ ನನ್ನ ಸಿಟ್ಟು ಇಳಿಯುವವರೆಗೆ ಕಾದಳು.

ಸಂಜೆ ಚಿಕ್ಕಪ್ಪನನ್ನು ಕೇಳಿದೆ. ಅವರ ಮುಖ ನೋಡಿಯೇ ಉತ್ತರ ಸಿಕ್ಕಿತು. ನನ್ನನ್ನು ರೇಷ್ಮೆ ಹುಳು ಸಾಕುವ ಮನೆಯ ಹಿಂದಕ್ಕೆ ಕರೆದುಕೊಂಡು ಹೋದರು.

"ನಾಕು ವರ್ಷ ಆಯ್ತು ಕಣವ್ವ. ತೋಟಕ್ಕೆ ನೆಲ ಮಟ್ಟ ಮಾಡುಸ್ಬೇಕಿತ್ತು. ಮುನಿಯಪ್ಪ ಸರಿಯಾಗಿ ನಡುವೆ ಇದ್ದ. ಅವ್ವ ಮಾಗಡಿಗೆ ಹೋಗಿತ್ತು, ನಿಮ್ಮತ್ತೆ ಮನೇಗೆ. ಜೆಸಿಬಿ ಬಂದಿತ್ತು, ಎತ್ತಿ ಮೂಲೇಲಿ ಇಡುಸ್ಬುಟ್ಟೆ. ಹೆಂಗೂ ಇಡ್ತಿದೀವಿ, ಮೂಡ್ಲು ಮುಖ ಮಾಡಿ ಇಡಾನ ಅಂತ ಒಸಿ ತಿರುಗುಸ್ದೆ. ನಿಮ್ಮಪ್ಪಂಗೂ ಗೊತ್ತು."

"ಅಜ್ಜಿಗೆ?"

"ಅವ್ವಂಗೆ ಹೇಳಾಕಾಯ್ತದಾ? ಮುನಿಯಪ್ಪನ ಮುಟ್ಟುದ್ರೆ ಮನೆ ಉಳಿಯಲ್ಲ ಅಂತಿತ್ತು. ಬಂದು ಕೇಳ್ತು. ಇಲ್ಲೇ ಇದ್ದ ಕಣವ್ವ, ಮರ ಕಡ್ದಿರೋದಕ್ಕೆ ಹಂಗೆ ಕಾಣ್ತದೆ ಅಂದ್ಬುಟ್ಟೆ. ನೀನು ಹೇಳ್ಬೇಡ ಕಣವ್ವ, ದಮ್ಮಯ್ಯ."

ಆಗ ನಾನು ಡಿಗ್ರಿ ಓದುತ್ತಾ ರಾಮನಗರದಲ್ಲಿದ್ದೆ. ಊರಿಗೆ ಬಂದಾಗ ಮರ, ಬದು ಎಲ್ಲ ಹೋಗಿ ನೆಲ ಅಂಗೈಯಂತಾಗಿತ್ತು. ಮುನಿಯಪ್ಪ ಎಲ್ಲಿದ್ದಾನೆ ಎಂದು ನಾನು ತಿರುಗಿಯೂ ನೋಡಿರಲಿಲ್ಲ.

ಈಗ ನನ್ನ ಸ್ಥಿತಿ ಅಡಕತ್ತರಿಯ ಅಡಿಕೆ. ಕೆಂಪು ಗೆರೆ ಹಾಗೇ ಉಳಿಸಿದರೆ ನಕ್ಷೆ ಸುಳ್ಳು. ಮೇಷ್ಟ್ರು ಕಂಡುಹಿಡಿದರೆ ವರ್ಷ ಹೋಯಿತು. ಕಂಡುಹಿಡಿಯದಿದ್ದರೆ ಅದು ಇನ್ನೂ ಕೆಟ್ಟದ್ದು. ಅಳಿಸೋಣ ಎಂದರೆ, ಯಾಕೆ ಅಳಿಸಿದೆ ಎಂದು ಅವರು ಆ ಕಲ್ಲಿನ ಮುಂದೆಯೇ ನಿಲ್ಲಿಸಿ ಕೇಳುತ್ತಾರೆ. ಅಷ್ಟು ಸಾಲದೆಂಬಂತೆ ಅಜ್ಜಿ, ಮೊಮ್ಮಗಳ ಪರೀಕ್ಷೆಗೆ ಮುನಿಯಪ್ಪನೇ ಸಾಕ್ಷಿ ನಿಂತಿದ್ದಾನೆ ಎಂದು, ಭಾನುವಾರವೇ ಕೋಳಿ ಕುಯ್ದು ಪೂಜೆ ಎಂದು ಸಾರಿಬಿಟ್ಟಳು. ಮೇಷ್ಟ್ರಿಗೂ ಅಲ್ಲೇ ಊಟ.

ಭಾನುವಾರ ಮೇಷ್ಟ್ರು ಬಂದಾಗ ಅಜ್ಜಿ ಕಲ್ಲಿಗೆ ಅರಿಸಿನ ಹಚ್ಚುತ್ತಿದ್ದಳು. ಚಿಕ್ಕಪ್ಪ ಒಲೆಗೆ ಸೌದೆ ಒಟ್ಟುವ ನೆಪದಲ್ಲಿ ಬೆನ್ನು ತಿರುಗಿಸಿ ಕೂತಿದ್ದರು. ಅಪ್ಪ, ಬಿಡದಿಯ ಫ್ಯಾಕ್ಟರಿಯಲ್ಲಿ ರಜೆ ಇದ್ದರೂ, ಓವರ್‌ಟೈಮ್ ಎಂದು ಬೆಳಗ್ಗೆಯೇ ಜಾಗ ಖಾಲಿ ಮಾಡಿದ್ದರು. ಮೇಷ್ಟ್ರು ಶೂ ಬಿಚ್ಚಿ, ಕೈಮುಗಿದು, ಜೇಬಿನಿಂದ ದಿಕ್ಸೂಚಿ ತೆಗೆದರು. ಅವರು ಬಗ್ಗುವ ಮೊದಲೇ ಬಾಯಿಂದ ಮಾತು ಬಿದ್ದುಹೋಯಿತು.

"ಸರ್, ಅಳೀಬೇಡಿ. ಇದು ಹುಟ್ಟಿದ ಜಾಗದಲ್ಲಿರೋ ಕಲ್ಲಲ್ಲ. ಇದನ್ನ ಎತ್ತಿ, ತಿರುಗಿಸಿ ಇಟ್ಟಿದ್ದಾರೆ. ಸ್ತರಭಂಗ ಇಲ್ಲ. ನಾನು ಎಳೆದಿರೋದು ತಪ್ಪು ಗೆರೆ."

ಅಜ್ಜಿ ಅರಿಸಿನದ ಕೈಯನ್ನು ಹಾಗೇ ಹಿಡಿದು ನನ್ನ ಕಡೆ ತಿರುಗಿದಳು. "ಏನಂದೆ?"

ಇನ್ನೊಮ್ಮೆ ಹೇಳಿದೆ. ಅವಳು ಚಿಕ್ಕಪ್ಪನ ಬೆನ್ನು ನೋಡಿದಳು. "ಏನ್ಲಾ, ಹೌದೇನ್ಲಾ?"

"ಹೂಂ ಕಣವ್ವ. ನೀನು ಮಾಗಡೀಲಿದ್ದಾಗ. ತಪ್ಪಾಯ್ತು" ಎಂದರು ಚಿಕ್ಕಪ್ಪ, ಒಲೆಗೇ ಹೇಳುವವರ ಹಾಗೆ.

ಮನೆ ಉಳಿಯುವುದಿಲ್ಲ ಎಂದು ಎದೆ ಬಡಿದುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅಜ್ಜಿ ಬದುವಿನ ಮೇಲೆ ಕುಸಿದು ಕೂತಳು. ಆಮೇಲೆ ಅವಳ ಮುಖ ಅರಳಿತು. ಅಂಥ ಬೆಳಕನ್ನು ನಾನು ಆ ಮುಖದಲ್ಲಿ ಎಷ್ಟೋ ವರ್ಷದಿಂದ ಕಂಡಿರಲಿಲ್ಲ.

"ಹಂಗಾದ್ರೆ ನಂಗೇನೂ ಆಗಿಲ್ಲ!" ಎಂದಳು. "ಮಾಗಡಿಯಿಂದ ಬಂದು ನೋಡ್ತೀನಿ, ಮುನಿಯಪ್ಪ ಇದ್ದಲ್ಲಿಲ್ಲ. ಇವ್ನ ಕೇಳುದ್ರೆ ಇಲ್ಲೇ ಇದ್ದ ಅಂತಾನೆ. ನಿಮ್ಮಪ್ಪನ ಕೇಳುದ್ರೂ ಇಲ್ಲೇ ಇದ್ದ. ನಿನ್ನೂ ಕೇಳ್ದೆ ಕಣೇ, ಅಜ್ಜೀ ನಿಂಗೆ ಅರಳುಮರಳು ಅಂತ ನಗಾಡ್ದೆ. ನಾನು ಹೆತ್ತೋರು, ನಾನು ಬೆಳೆಸ್ದೋರು ಎಲ್ರೂ ಅದೇ ಅಂದ್ಮೇಲೆ ನನ್ ತಲೇನೇ ಕೆಟ್ಟೈತೆ ಅನ್ಕಂಡೆ. ದೇವ್ರು ಇದ್ದ ಜಾಗನೇ ಮರ್ತೋಳು, ಇನ್ನು ದಾರಿ ಮರೀತೀನಿ ಅಂತ ಮಗಳ ಮನೇಗೂ ಹೋಗ್ದಂಗೆ ಕೂತ್ಕಂಡೆ."

ನಾನು ಹಾಗೆ ಹೇಳಿದ್ದು ನನಗೆ ನೆನಪೇ ಇರಲಿಲ್ಲ. ಫೋನ್ ನೋಡುತ್ತಾ ಎಸೆದ ಮಾತಿರಬೇಕು. ಅದನ್ನು ಅವಳು ನಾಲ್ಕು ವರ್ಷ ಹೊತ್ತುಕೊಂಡಿದ್ದಳು. ಸಾರಿಗೆ ಉಪ್ಪು ಹಾಕುವ ಕೆಲಸವನ್ನು ನನ್ನ ಅವ್ವನಿಗೆ ಬಿಟ್ಟುಕೊಟ್ಟದ್ದು, ಪೇಟೆಗೆ ಕರೆದರೆ ನೀವೇ ಹೋಗಿಬನ್ನಿ ಎನ್ನುತ್ತಿದ್ದದ್ದು, ನನ್ನ ಪಾಠವನ್ನು ಅಷ್ಟು ಗಮನವಿಟ್ಟು ಕೇಳಿ ಮಾರನೇ ದಿನ ನನಗೇ ಒಪ್ಪಿಸುತ್ತಿದ್ದದ್ದು, ಎಲ್ಲ ಒಟ್ಟಿಗೆ ಅರ್ಥವಾಗಿ ನನಗೆ ಅಲ್ಲೇ ಅಳು ಬಂದುಬಿಟ್ಟಿತು. ಗೆಳತಿ ನನ್ನ ಬೆನ್ನು ಸವರಿದಳು. ನಾಚಿಕೆಯಾಯಿತು, ಆದರೂ ಅತ್ತೆ.

ಮೇಷ್ಟ್ರು ಇದನ್ನೆಲ್ಲ ನೋಡಿ, ತಮಗೆ ಬರುವ ಒಂದೇ ವಿದ್ಯೆಯನ್ನು ಮುಂದೆ ತಂದರು. "ಅಜ್ಜಿ, ಮೊದಲು ಎಲ್ಲಿತ್ತು ತೋರಿಸ್ತೀರಾ?"

ಅಜ್ಜಿ ಎದ್ದಳು. ಹಿಪ್ಪುನೇರಳೆ ಸಾಲುಗಳ ನಡುವೆ ಸರಸರನೆ ನಡೆದು, ಎಲ್ಲೂ ತಡೆಯದೆ, ಒಂದು ಕಡೆ ನಿಂತು ಹಿಮ್ಮಡಿ ಊರಿದಳು. "ಇಲ್ಲಿ."

"ಮುಖ ಯಾವ ಕಡೆ ಇತ್ತು?"

"ಕೆರೆ ಕಡೆ, ಬಡಗ್ಲಿಗೆ. ಮಳೆ ಬಂದಾಗ ಕೆರೆ ತುಂಬ್ತದಾ ಇಲ್ವಾ ಅಂತ ನೋಡ್ತಿದ್ದ."

ಮೇಷ್ಟ್ರು ಪುಸ್ತಕದಲ್ಲಿ ಕಲ್ಲಿನ ಚಿತ್ರ ಬರೆದು ಅದನ್ನು ತಿರುಗಿಸಿದರು. ಪೂರ್ವಕ್ಕಿರುವ ಮುಖವನ್ನು ಉತ್ತರಕ್ಕೆ ತಂದರೆ ಪದರಗಳು ಉತ್ತರ ದಕ್ಷಿಣವಾದವು, ದಕ್ಷಿಣದ ಇಳಿಜಾರು ಪೂರ್ವಕ್ಕೆ ಬಂತು. ಸುತ್ತಲಿನ ಎಲ್ಲ ಕಲ್ಲುಗಳ ಹಾಗೇ. ನನ್ನ ಗೆಳತಿ, "ತೆಂಕಲು ಮುಖ ಇದ್ದಿದ್ರೆ ಸರ್?" ಎಂದಳು. "ಆಗ ಇಳಿಜಾರು ಪಶ್ಚಿಮಕ್ಕೆ ಬರ್ತಿತ್ತು, ತಾಳೆ ಆಗ್ತಿರಲಿಲ್ಲ" ಎಂದು ಪುಸ್ತಕವನ್ನು ಅಜ್ಜಿಯ ಕಡೆ ಹಿಡಿದರು, ಅವಳಿಗೆ ಓದಲು ಬರುವುದಿಲ್ಲ ಎಂದು ತಿಳಿಯದೆ. "ಅಜ್ಜಿ, ನೀವು ಹೇಳಿದ್ದು ಡಿಗ್ರಿ ಲೆಕ್ಕದಲ್ಲಿ ಸರಿ ಇದೆ. ನಿಮ್ಮ ನೆನಪಿಗೆ ಏನೂ ಆಗಿಲ್ಲ."

"ಅದೇ ಹೇಳುದ್ನಲ್ಲ" ಎಂದಳು ಅಜ್ಜಿ. ಒಲೆಯ ಹತ್ತಿರ ಹೋಗಿ, ಅವ್ವನ ಕೈಯಿಂದ ಸೌಟು ಕಿತ್ತುಕೊಂಡು, ಸಾರಿನ ರುಚಿ ನೋಡಿ ಉಪ್ಪು ಹಾಕಿದಳು.

ಊಟ ಮುಗಿಸಿ ಮೇಷ್ಟ್ರು ನನ್ನ ನಕ್ಷೆ ಬಿಚ್ಚಿದರು. ಮೆಚ್ಚುಗೆಯ ಮಾತೇನೂ ಆಡಲಿಲ್ಲ. ಒಂದು ಕಲ್ಲು ನಂಬಿ ಕೆರೆಯವರೆಗೂ ಗೆರೆ ಎಳೆದದ್ದಕ್ಕೆ ಚೆನ್ನಾಗಿ ಬೈದರು, ಗೆಳತಿ ಮುಖ ಮರೆಮಾಡಿಕೊಂಡು ನಕ್ಕಳು. ಕೆರೆಯ ಬದಿಯ ಭಾಗವನ್ನು ಪೂರ್ತಿ ಮತ್ತೆ ಅಳೆದು ಹದಿನೈದು ದಿನದಲ್ಲಿ ತಂದರೆ ಸಹಿ ಹಾಕುವುದಾಗಿ ಹೇಳಿದರು. ಚಿಕ್ಕಪ್ಪ ಸೋಮವಾರವೇ ಜೆಸಿಬಿ ತರಿಸಿದರು. ತೋಟದ ನಡುವೆ ಬೇಡ, ಮೂಲೆಯಲ್ಲೇ ಇರಲಿ, ಆದರೆ ಅವನ ಮುಖ ಕೆರೆಗೆ ತಿರುಗಿಸಿ ಎಂದು ಅಜ್ಜಿಯ ಅಪ್ಪಣೆ. ನಾನು ದಿಕ್ಸೂಚಿ ಹಿಡಿದು ನಿಂತೆ, ಅಜ್ಜಿ ಕಣ್ಣಳತೆಯಲ್ಲೇ "ಇನ್ನೊಸಿ, ಇನ್ನೊಸಿ" ಎಂದು ಕೂಗಿದಳು. ಅವಳು "ಸಾಕು" ಎಂದಾಗ ಮುಳ್ಳು ನೋಡಿದೆ. ಸರಿಯಾಗಿತ್ತು.

ಮಾರನೇ ಬೆಳಿಗ್ಗೆ ನಾನು ನಕ್ಷೆ ಸುತ್ತಿಕೊಂಡು ಹೊರಡುವಾಗ ಅಜ್ಜಿ ಹೊಸ ಸೀರೆ ಉಟ್ಟು, ಒಂದು ಚೀಲ ಅವರೆಕಾಯಿ ಕಟ್ಟಿಕೊಂಡು, ಆಧಾರ್ ಕಾರ್ಡನ್ನು ಎಲೆಯಡಿಕೆ ಚೀಲಕ್ಕೆ ಸೇರಿಸಿ ಬಾಗಿಲಲ್ಲಿ ನಿಂತಿದ್ದಳು. ಮಾಗಡಿಗಂತೆ, ಮಗಳ ಮನೆಗೆ. ನಾನು ಬಸ್ ಸ್ಟಾಪಿನವರೆಗೂ ಬೆನ್ನು ಹತ್ತಿದೆ.

"ಕನಕಪುರದಲ್ಲಿ ಇಳೀಬೇಕು ಅಜ್ಜಿ, ರಾಮನಗರದಲ್ಲಿ ಇನ್ನೊಂದ್ಸಲ ಬಸ್ ಬದಲಾಯಿಸ್ಬೇಕು. ತಾಳು, ನಾನೂ ಬತ್ತೀನಿ."

ಬಸ್ಸು ಬಂತು. ಅಜ್ಜಿ ಚೀಲ ಮೇಲಿಟ್ಟು, ಕಂಬಿ ಹಿಡಿದು ಹತ್ತಿ, ಅಲ್ಲಿಂದಲೇ ತಿರುಗಿ ನೋಡಿದಳು.

"ದಾರಿ ನಂಗೊತ್ತೈತೆ. ನೀನು ಹೋಗಿ ನಿನ್ ನಕ್ಷೆ ತಿದ್ಕೋ ಹೋಗು."